ಶವದ ಬಳಿ ಕುಳಿತ ನಾಯಿ: ಲ್ಯಾಂಡ್‌ಸೀರನ ಒಂದು ತೈಲಚಿತ್ರ

ಆಂಗ್ಲ ಚಿತ್ರಕಾರ ಎಡ್ವಿನ್ ಲ್ಯಾಂಡ್‌ಸೀರ್ (೧೮೦೨–೧೮೭೩) ೧೮೩೭ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿಸಿದ ‘ದಿ ಓಲ್ಡ್ ಶೆಫರ್ಡ್ಸ್ ಚೀಫ್ ಮೋರ್ನರ್’ ಮರದ ಹಲಗೆಯ ಮೇಲೆ ಬರೆದ ತೈಲಚಿತ್ರ. ಸುಮಾರು ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಈ ಚಿಕ್ಕ ಕೃತಿಯಲ್ಲಿ ಮುದಿ ಕುರಿಗಾಹಿಯ ಶವಪೆಟ್ಟಿಗೆಗೆ ನಾಯಿಯೊಂದು ಎದೆಯೊತ್ತಿ, ಮೇಲೆ ಹೊದಿಸಿದ ಕಂಬಳಿಯಲ್ಲಿ ತಲೆಯಿಟ್ಟಿದೆ. ನೆಲದ ಮೇಲೆ ಕೋಲು, ಟೋಪಿ. ಪಕ್ಕದ ಪೀಠದ ಮೇಲೆ ಬೈಬಲ್ಲು ಮತ್ತು ಕನ್ನಡಕ. ಅರೆಗತ್ತಲೆಯ ಆ ಕೋಣೆಯಲ್ಲಿ ಮನುಷ್ಯರು ಯಾರೂ ಇಲ್ಲ.

ಜಾನ್ ರಸ್ಕಿನ್ ‘ಮಾಡರ್ನ್ ಪೇಂಟರ್ಸ್’ ಗ್ರಂಥದ ಮೊದಲ ಸಂಪುಟದಲ್ಲಿ (೧೮೪೩) ಕಂಬಳಿಯನ್ನು ಜಗ್ಗಿದ ಪಂಜಗಳಿಂದ ಹಿಡಿದು ಪ್ರತಿಯೊಂದು ವಿವರವನ್ನೂ ವಿವೇಚಿಸಿದನು. ತುಪ್ಪಳದ ಹೊಳಪನ್ನು ಮೆಚ್ಚಿಯೂ ಚಿತ್ರದ ಹಿರಿಮೆಯನ್ನು ಅದರ ಹಿಂದಿನ ಚಿಂತನೆಯಲ್ಲಿ ಕಂಡನು. ಮುದುಕನ ಒಂಟಿ ಬಾಳನ್ನೂ ಗುರುತಿಸಿದನು. ಆದರೆ ಆ ಒಂಟಿತನ ಎಲ್ಲಿಂದ ಬಂತೆಂಬ ಪ್ರಶ್ನೆ ಅವನಿಗೆ ಎದುರಾಗಲಿಲ್ಲ. ಜಾನಪದ ಅಧ್ಯಯನಕ್ಕೆ ಮುಖ್ಯವಾಗುವುದು ಇದೇ ಪ್ರಶ್ನೆ.

ಟೋಪಿಯ ಬಗೆ ಸ್ಕಾಟ್ಲೆಂಡನ್ನು ಸೂಚಿಸುತ್ತದೆ. ಲ್ಯಾಂಡ್‌ಸೀರ್ ೧೮೨೪ರಿಂದ ಅಲ್ಲಿನ ಮಲೆಸೀಮೆಗೆ ಹೋಗಿಬರುತ್ತಿದ್ದನು. ಆ ಸೀಮೆಯಲ್ಲಿ ಶವವನ್ನು ಒಂಟಿಯಾಗಿ ಬಿಡದೆ, ಬಂಧುಗಳೂ ನೆರೆಹೊರೆಯವರೂ ರಾತ್ರಿಯಿಡೀ ಕೂಡಿ ಕಾಯುವ ‘ವೇಕ್’ ಎಂಬ ಆಚರಣೆ ರೂಢಿಯಲ್ಲಿತ್ತು. ಚಿತ್ರಕಾರನು ಈ ಸಮುದಾಯವನ್ನು ಹೊರಗಿಟ್ಟು, ಕಾಯುವವರ ಸ್ಥಾನದಲ್ಲಿ ನಾಯಿಯನ್ನು ಕೂರಿಸಿದ್ದಾನೆ. ನಾಯಿಯ ನಿಷ್ಠೆ ಇಷ್ಟು ಗಾಢವಾಗಿ ಕಾಣಲು ಊರೇ ಮರೆಯಾಗಬೇಕಾಯಿತು. ಈ ಕೃತಿಯನ್ನು ಕೊಂಡವನು ಲೀಡ್ಸ್ ಪಟ್ಟಣದ ಬಟ್ಟೆ ತಯಾರಕ ಜಾನ್ ಶೀಪ್‌ಶ್ಯಾಂಕ್ಸ್ ಎಂಬುದೂ ಗಮನಾರ್ಹ. ೧೮೫೭ರಲ್ಲಿ ಅವನು ದಾನವಿತ್ತ ಚಿತ್ರಗಳೊಂದಿಗೆ ಇದು ಇಂದಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಸೇರಿತು.

ಇಂತಹ ಹೊರಗಿಡುವಿಕೆ ಈ ಆಶಯಕ್ಕೆ ಹೊಸದಲ್ಲ. ೧೮೦೫ರಲ್ಲಿ ಹೆಲ್ವೆಲಿನ್ ಬೆಟ್ಟದಲ್ಲಿ ಸತ್ತ ಚಾರ್ಲ್ಸ್ ಗಫ್‌ನ ಅವಶೇಷಗಳ ಬಳಿ ಅವನ ನಾಯಿ ಸುಮಾರು ಮೂರು ತಿಂಗಳ ಮೇಲೆ ಜೀವಂತವಾಗಿ ಕಂಡುಬಂದಿತು. ನಾಯಿ ಒಡೆಯನ ದೇಹವನ್ನೇ ತಿಂದು ಬದುಕಿತ್ತೆಂದು ಅಂದಿನ ವರದಿಯೊಂದು ಹೇಳಿತು. ಸ್ಕಾಟ್ ಮತ್ತು ವರ್ಡ್ಸ್‌ವರ್ತ್ ಬರೆದ ಕವಿತೆಗಳಲ್ಲಿ ಆ ಮಾತಿಗೆ ಎಡೆಯಿಲ್ಲ; ಉಳಿದದ್ದು ನಿಷ್ಠೆ ಮಾತ್ರ. ಅದೇ ಘಟನೆಯನ್ನು ಲ್ಯಾಂಡ್‌ಸೀರ್ ೧೮೨೯ರಲ್ಲಿ ‘ಅಟ್ಯಾಚ್‌ಮೆಂಟ್’ ಎಂಬ ಚಿತ್ರವಾಗಿಸಿದ್ದನು.

ಎಡಿನ್‌ಬರೋದ ‘ಗ್ರೇಫ್ರಯರ್ಸ್ ಬಾಬಿ’ ಐತಿಹ್ಯ ಹುಟ್ಟಿದ್ದು ಇವೆಲ್ಲಕ್ಕೂ ಈಚೆಗೆ. ೧೮೫೮ರಲ್ಲಿ ತೀರಿಕೊಂಡ ಒಡೆಯನ ಸಮಾಧಿಯನ್ನು ಈ ನಾಯಿ ೧೮೭೨ರವರೆಗೆ ಕಾಯಿತೆಂಬುದು ಜನಜನಿತ ಕಥೆ. ೧೮೭೩ರಲ್ಲಿ ಅದಕ್ಕೆ ಪ್ರತಿಮೆಯೂ ನಿಂತಿತು. ೨೦೧೧ರಲ್ಲಿ ಯಾನ್ ಬಾಂಡೆಸನ್ ಈ ಕಥೆಯನ್ನು ಬಲವಾಗಿ ಸಂದೇಹಿಸಿ, ಅದು ಚರ್ಚಿನ ಅಂಗಳದಲ್ಲಿ ಅನ್ನ ಸಿಕ್ಕಿದ್ದರಿಂದ ಉಳಿದುಕೊಂಡ ಬೀದಿನಾಯಿ ಎಂದು ವಾದಿಸಿದನು. ಹಾಗಿದ್ದರೂ ಎಡಿನ್‌ಬರೋದ ಜನರಿಗೆ ಸಮಾಧಿಯ ಬಳಿ ಕಂಡ ನಾಯಿಯನ್ನು ಹೇಗೆ ಅರ್ಥೈಸಬೇಕೆಂಬುದು ಮೊದಲೇ ತಿಳಿದಿತ್ತು: ಲ್ಯಾಂಡ್‌ಸೀರನ ಚಿತ್ರಗಳು ಅಚ್ಚಿನ ಪ್ರತಿಗಳಾಗಿ ಆ ಹೊತ್ತಿಗಾಗಲೇ ಮನೆಮನೆಯ ಗೋಡೆಗಳನ್ನು ತಲುಪಿದ್ದವು.