ಪೆಂಗ್‌ಹು ತಿಯಾನ್‌ಹೌ ದೇವಾಲಯ

ತೈವಾನ್ ಜಲಸಂಧಿಯ ನಡುವೆ ಇರುವ ಪೆಂಗ್‌ಹು ದ್ವೀಪಗಳ ಮುಖ್ಯ ಪಟ್ಟಣ ಮಾಗೊಂಗ್‌ನಲ್ಲಿ, ಬಂದರಿಗೆ ಸಮೀಪದಲ್ಲಿರುವ ಮಾಜು ದೇವಿಯ ಗುಡಿ. ತೈವಾನಿನಲ್ಲಿರುವ ಮಾಜು ಗುಡಿಗಳಲ್ಲಿ ಇದೇ ಅತಿ ಹಳೆಯದು ಎಂಬುದು ಸಾಮಾನ್ಯ ಅಭಿಪ್ರಾಯ. ಮಾಗೊಂಗ್‌ಗೆ ಆ ಹೆಸರು ಬಂದದ್ದೂ ಈ ಗುಡಿಯಿಂದಲೇ.

ಮಾಜು ಮೂಲತಃ ಮನುಷ್ಯಳು. ಚೀನಾದ ಫುಜಿಯಾನ್ ಕರಾವಳಿಯ ಮೈಜೌ ದ್ವೀಪದಲ್ಲಿ 960ರಲ್ಲಿ ಹುಟ್ಟಿದ ಲಿನ್ ಮೋನಿಯಾಂಗ್ ಎಂಬ ಹುಡುಗಿ, ಬಿರುಗಾಳಿಗೆ ಸಿಕ್ಕವರನ್ನು ಕಾಪಾಡುತ್ತಿದ್ದಳೆಂದೂ 987ರಲ್ಲಿ ದೇಹ ಬಿಟ್ಟು ದೇವಿಯಾದಳೆಂದೂ ಪರಂಪರೆ ಹೇಳುತ್ತದೆ. ಮೀನುಗಾರರ ದೇವಿಯಾಗಿದ್ದವಳನ್ನು ದೊಡ್ಡವಳನ್ನಾಗಿ ಮಾಡಿದ್ದು ಅರಮನೆ. ಹಡಗುಪಡೆಗೆ ಕೆಲಸ ಬಿದ್ದಾಗಲೆಲ್ಲ ಸಾಮ್ರಾಟರು ಆಕೆಗೆ ಬಿರುದು ಕೊಟ್ಟರು. 1281ರಲ್ಲಿ ಕುಬ್ಲಾಯ್ ಖಾನ್ ಆಕೆಯನ್ನು ‘ಸ್ವರ್ಗದ ರಾಜಪತ್ನಿ’ ಎಂದು ಗೌರವಿಸಿದ. ಪೆಂಗ್‌ಹು ಗುಡಿಯ ಇತಿಹಾಸದಲ್ಲೂ ಭಕ್ತರಿಗಿಂತ ನೌಕಾಪಡೆಗಳದೇ ಹೆಚ್ಚಿನ ಪಾಲು.

ಗುಡಿ ಕಟ್ಟಿದ ವರ್ಷದ ಬಗ್ಗೆ ಒಮ್ಮತವಿಲ್ಲ. ಕುಬ್ಲಾಯ್‌ನ ಯುವಾನ್ ವಂಶದ ಕಾಲಕ್ಕೆ ಒಯ್ಯುವವರೂ ಇದ್ದಾರೆ, 1592 ಎನ್ನುವವರೂ ಇದ್ದಾರೆ. ಕೈಗೆ ಸಿಕ್ಕಿರುವ ಗಟ್ಟಿ ಆಧಾರವೆಂದರೆ ಒಂದು ಕಲ್ಲು. 1604ರ ಆಗಸ್ಟ್‌ನಲ್ಲಿ ವೈಬ್ರಾಂಡ್ ವಾನ್ ವಾರ್ವೈಕ್ ಎಂಬ ಡಚ್ ನಾಯಕ ಚೀನಾದೊಂದಿಗೆ ವ್ಯಾಪಾರ ಬಯಸಿ ಪೆಂಗ್‌ಹುವಿನಲ್ಲಿ ಲಂಗರು ಹಾಕಿದ. ಚೀನಾದ ಮಿಂಗ್ ಅರಸರ ಸೇನಾಧಿಕಾರಿ ಷೆನ್ ಯೌರೊಂಗ್ ಯುದ್ಧದ ಹಡಗುಗಳೊಂದಿಗೆ ಬಂದು, ಯುದ್ಧ ಮಾಡದೆ, ಮಾತಿನಲ್ಲೇ ಅವನನ್ನು ಡಿಸೆಂಬರ್‌ನಲ್ಲಿ ಹೊರಡಿಸಿದ. ಆ ಪ್ರಸಂಗವನ್ನು ಹನ್ನೆರಡೇ ಅಕ್ಷರಗಳಲ್ಲಿ ಕೊರೆದ ಶಾಸನ ಮಣ್ಣಿನಡಿ ಹೂತುಹೋಗಿ, 1919ರಲ್ಲಿ ಗುಡಿಯ ಜೀರ್ಣೋದ್ಧಾರದ ಹೊತ್ತಿಗೆ ಮತ್ತೆ ಸಿಕ್ಕಿತು. ಡಚ್ಚರನ್ನು ‘ಕೆಂಗೂದಲಿನ ಪರದೇಶಿಗಳು’ ಎಂದು ಕರೆಯುವ ಈ ಶಾಸನ ತೈವಾನಿನ ಅತ್ಯಂತ ಹಳೆಯ ಶಾಸನವೆಂದು ಹೆಸರಾಗಿದೆ. ಷೆನ್‌ನ ಗೆಲುವು ಮಾತ್ರ ಬಹುಕಾಲ ಬಾಳಲಿಲ್ಲ. 1622ರಲ್ಲಿ ಡಚ್ಚರು ಮರಳಿ ಬಂದು ಪೆಂಗ್‌ಹುವಿನಲ್ಲಿ ಕೋಟೆ ಕಟ್ಟಿದರು. 1624ರಲ್ಲಿ ಮಿಂಗ್ ಸೇನೆಯ ಒತ್ತಡಕ್ಕೆ ಮಣಿದು ತೈವಾನಿನ ನೈರುತ್ಯ ತೀರಕ್ಕೆ ಸರಿದರು. ಅವರು ಅಲ್ಲಿ ನೆಲೆಯೂರಿದ್ದು ತೈವಾನಿನ ಚರಿತ್ರೆಯನ್ನೇ ಬೇರೆ ದಿಕ್ಕಿಗೆ ತಿರುಗಿಸಿತು.

1683ರಲ್ಲಿ ಚೀನಾದ ಚಿಂಗ್ ಅರಸರ ನೌಕಾಧಿಪತಿ ಶಿ ಲಾಂಗ್, ಡಚ್ಚರ ನಂತರ ತೈವಾನನ್ನು ಆಳುತ್ತಿದ್ದ ಜೆಂಗ್ ಮನೆತನದ ಪಡೆಯನ್ನು ಪೆಂಗ್‌ಹು ಸಮುದ್ರದಲ್ಲಿ ಸೋಲಿಸಿದ. ಸೈನಿಕರಿಗೆ ಕುಡಿಯುವ ನೀರಿಲ್ಲದಾಗ ದೇವಿ ಬಾವಿಯಲ್ಲಿ ನೀರುಕ್ಕಿಸಿದಳೆಂಬ ಕಥೆ ಹುಟ್ಟಿಕೊಂಡಿದ್ದು ಆಗಲೇ. ‘ಹತ್ತು ಸಾವಿರ ಸೈನಿಕರ ಬಾವಿ’ ಎಂದು ಕರೆಯುವ ಬಾವಿಯನ್ನು ಗುಡಿಯ ಬಳಿ ಇಂದಿಗೂ ತೋರಿಸುತ್ತಾರೆ. ಗೆದ್ದ ಸೇನಾನಿ ಗೆಲುವಿನ ಕೀರ್ತಿಯನ್ನು ಮಾಜುವಿಗೆ ಒಪ್ಪಿಸಿದ. ಸೋತ ಜನರೂ ಪೂಜಿಸುತ್ತಿದ್ದ ದೇವಿಯನ್ನು ತನ್ನ ಕಡೆಯವಳೆಂದು ಸಾರಿದ್ದು ಒಳ್ಳೆಯ ರಾಜಕಾರಣ. ಇದಾದ ಮೇಲೆ ಆಕೆಗೆ ‘ತಿಯಾನ್‌ಹೌ’, ಅಂದರೆ ಸ್ವರ್ಗದ ಸಾಮ್ರಾಜ್ಞಿ, ಎಂಬ ಪದವಿ ಬಂದಿತೆಂದು ಪ್ರತೀತಿ. 1885ರಲ್ಲಿ ಫ್ರೆಂಚರು, 1895ರಲ್ಲಿ ಜಪಾನೀಯರು ದ್ವೀಪಗಳನ್ನು ಹಿಡಿದರು. ಫ್ರೆಂಚ್ ನೌಕಾಧಿಪತಿ ಕೂರ್ಬೆ ತೀರಿಕೊಂಡದ್ದೂ ಮಾಗೊಂಗ್ ಬಂದರಿನಲ್ಲೇ.

ಈಗ ಕಾಣುವ ಕಟ್ಟಡ 1922ರ ಪುನರ್ನಿರ್ಮಾಣ. ಚಾವೊಜೌ ಪ್ರದೇಶದ ಬಡಗಿ ಲಾನ್ ಮು ಇದರ ಮೇಸ್ತ್ರಿ. ತೈವಾನಿನ ಗುಡಿಗಳಲ್ಲಿ ಕಣ್ಣು ಕುಕ್ಕುವಷ್ಟು ಬಣ್ಣವಿರುವುದು ವಾಡಿಕೆ. ಇಲ್ಲಿ ಮರದ ಕೆತ್ತನೆ ಬಹುಮಟ್ಟಿಗೆ ತನ್ನ ಸಹಜ ಬಣ್ಣದಲ್ಲೇ ಇದೆ, ಕುಸುರಿ ಎದ್ದು ಕಾಣುವುದು ಅದರಿಂದಲೇ. ಚಾವಣಿಯ ತುದಿಗಳು ಕವಲೊಡೆದು ಮೇಲಕ್ಕೆ ಬಾಗಿವೆ. 1983ರಲ್ಲಿ ಸರ್ಕಾರ ಇದನ್ನು ಪ್ರಥಮ ದರ್ಜೆಯ ಸ್ಮಾರಕವೆಂದು ಘೋಷಿಸಿತು.

ಒಳಗೆ ಭಕ್ತರು ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿ ದೇವಿಯ ಅಭಿಪ್ರಾಯ ಕೇಳುವುದನ್ನು ನೋಡಬಹುದು. ಒಂದು ಅಂಗಾತ, ಇನ್ನೊಂದು ಮಗುಚಿ ಬಿದ್ದರೆ ಒಪ್ಪಿಗೆ. ನಮ್ಮಲ್ಲಿ ದೇವರ ಬಲಗಡೆಯ ಹೂ ಬೀಳಲೆಂದು ಕಾಯುವವರಿಗೆ ಇದು ಹೊಸದೆನಿಸದು. ಚಾಂದ್ರಮಾನದ ಮೂರನೇ ತಿಂಗಳ 23ನೇ ದಿನ ಮಾಜು ಜಯಂತಿ. ಆದರೆ ಲಕ್ಷಾಂತರ ಜನರ ಮೆರವಣಿಗೆ ನೋಡಬೇಕೆನ್ನುವವರು ತೈವಾನ್ ಮುಖ್ಯ ದ್ವೀಪದ ದಾಜಿಯಾಕ್ಕೆ ಹೋಗುವುದೇ ಸರಿ.

ದ್ವೀಪಕ್ಕೆ ವಿಮಾನ, ಹಡಗು ಎರಡೂ ಇವೆ. ಚಳಿಗಾಲದಲ್ಲಿ ಈಶಾನ್ಯದ ಗಾಳಿ ವಿಪರೀತ. ಸಮುದ್ರ ಪ್ರಯಾಣ ಒಗ್ಗದವರು ಆ ತಿಂಗಳುಗಳಲ್ಲಿ ಹಡಗು ಹತ್ತದಿರುವುದು ಲೇಸು.