245 ಸಂಸ್ಥೆಗಳು ಒಂದಾದ ಬಗೆ

ಬೆಂಗಳೂರಿನ ಪೂರ್ವಭಾಗದಲ್ಲಿ ಇಂದಿರಾನಗರ, ತಿಪ್ಪಸಂದ್ರ, ಕೋಡಿಹಳ್ಳಿಗಳ ನಡುವೆ ಇರುವ ಜೀವನ್ ಬಿಮಾ ನಗರಕ್ಕೆ ದೇವರ ಹೆಸರಾಗಲಿ ದೊರೆಯ ಹೆಸರಾಗಲಿ ದೇಶನಾಯಕರ ಹೆಸರಾಗಲಿ ಇಲ್ಲ. ಭಾರತೀಯ ಜೀವ ವಿಮಾ ನಿಗಮವು ಅಲ್ಲಿ ಕಟ್ಟಿಸಿದ ವಸತಿಗಳಿಂದ ಆ ಬಡಾವಣೆಗೆ ಹೆಸರು ಬಂದಿತು; ಸುತ್ತಮುತ್ತಲಿನ ಜನ ಅದನ್ನು ಇಂದಿಗೂ ಎಲ್.ಐ.ಸಿ. ಕಾಲನಿ ಎಂದು ಕರೆಯುವುದುಂಟು. ಒಂದು ಕಚೇರಿಯ ಹೆಸರನ್ನು ಊರಿನ ಒಂದು ಭಾಗವೇ ಧರಿಸಿಕೊಂಡಿರುವಾಗ, ಆ ಕಚೇರಿ ಹೇಗೆ ಹುಟ್ಟಿತು, ಎಂಥ ಕಾಲದಲ್ಲಿ ಹುಟ್ಟಿತು, ಅದನ್ನು ಕಟ್ಟಿ ನಿಲ್ಲಿಸಿದವರು ಯಾರು ಎಂಬುದನ್ನು ವಿಚಾರಿಸುವುದು ಆ ಊರಿನ ಇತಿಹಾಸದ ವಿಚಾರವೇ ಆಗುತ್ತದೆ.

ಜೀವ ವಿಮೆಯು 1818ರಲ್ಲಿ ಕಲಕತ್ತೆಯಲ್ಲಿ ಕಾಲಿಟ್ಟಾಗ ಅದು ಮುಖ್ಯವಾಗಿ ಇಲ್ಲಿದ್ದ ಐರೋಪ್ಯರ ಸಂಸಾರಗಳಿಗಾಗಿ ಬಂದದ್ದು. ಭಾರತೀಯನ ಆಯುಸ್ಸು ಅಲ್ಪವೆಂದು ಭಾವಿಸಿ ಅವನಿಂದ ಹೆಚ್ಚಿನ ಕಂತನ್ನು ವಸೂಲು ಮಾಡುವ ಪದ್ಧತಿ ಬಹುಕಾಲ ನಡೆಯಿತು. ಮುಂಬಯಿಯ ಬಾಂಬೆ ಮ್ಯೂಚುಯಲ್ ಸಂಸ್ಥೆಯು 1870ರಲ್ಲಿ ಹುಟ್ಟಿ ಸಮಾನ ದರವನ್ನು ತಂದದ್ದು ಆ ಅವಮಾನಕ್ಕೆ ಕೊಟ್ಟ ಉತ್ತರ. ಮೈಸೂರು ಸಂಸ್ಥಾನವಾದರೋ 1891ರಷ್ಟು ಹಿಂದೆಯೇ ತನ್ನ ನೌಕರರಿಗಾಗಿ ಸರ್ಕಾರಿ ವಿಮೆಯನ್ನು ಏರ್ಪಡಿಸಿತ್ತು. ಸ್ವದೇಶೀ ಚಳವಳಿಯ ಕಾವಿನಲ್ಲಿ, 1906ರಲ್ಲಿ ಮದರಾಸಿನ ಯುನೈಟೆಡ್ ಇಂಡಿಯಾ, 1907ರಲ್ಲಿ ಕಲಕತ್ತೆಯ ಹಿಂದೂಸ್ತಾನ್ ಕೋಆಪರೇಟಿವ್ ಮೊದಲಾದವು ಹುಟ್ಟಿದವು. ಈ ಎರಡನೆಯ ಸಂಸ್ಥೆಯ ಆರಂಭವಾದದ್ದು ಜೋಡಾಸಾಂಕೋದ ಠಾಕೂರರ ಮನೆಯ ಒಂದು ಕೋಣೆಯಲ್ಲಿ ಎಂಬುದನ್ನು ನೆನೆದರೆ, ಆ ಪೀಳಿಗೆಯವರಿಗೆ ವಿಮೆಯು ವ್ಯಾಪಾರಕ್ಕಿಂತ ದೊಡ್ಡದೊಂದು ಕಾರ್ಯವಾಗಿ ಕಂಡಿತ್ತೆಂಬುದು ಸ್ಪಷ್ಟವಾಗುತ್ತದೆ.

ಆದರೆ ಸ್ವಾತಂತ್ರ್ಯ ಬರುವ ವೇಳೆಗೆ ಆ ಆದರ್ಶ ಬಹಳ ಕಡೆ ಸವೆದುಹೋಗಿತ್ತು. ಹತ್ತು ವರ್ಷಗಳಲ್ಲಿ 25 ಕಂಪನಿಗಳು ದಿವಾಳಿಯಾಗಿ ಮುಚ್ಚಿಹೋದವೆಂದೂ, ಮತ್ತೆ 25 ಕಂಪನಿಗಳು ತಮ್ಮ ದ್ರವ್ಯವನ್ನು ಪೋಲುಮಾಡಿಕೊಂಡು ಇತರರ ಕೈಸೇರಬೇಕಾಯಿತೆಂದೂ ಅರ್ಥಸಚಿವ ಚಿಂತಾಮಣ ದೇಶಮುಖರು ಹೇಳಿದರು. 1955ರ ಡಿಸೆಂಬರಿನಲ್ಲಿ ಫಿರೋಜ್ ಗಾಂಧಿಯವರು ಭಾರತ್ ಇನ್ಶೂರೆನ್ಸ್ ಕಂಪನಿಯ ಹಣದ ದುರುಪಯೋಗವನ್ನು ಲೋಕಸಭೆಯಲ್ಲಿ ಬಯಲಿಗೆಳೆದರು. ಅದಾದ ಕೆಲವೇ ವಾರಗಳಲ್ಲಿ, 1956ರ ಜನವರಿ 19ರಂದು, ಸುಗ್ರೀವಾಜ್ಞೆಯೊಂದರಿಂದ ಜೀವ ವಿಮಾ ಕಂಪನಿಗಳ ಆಡಳಿತವು ಸರ್ಕಾರದ ವಶವಾಯಿತು. ಸೆಪ್ಟೆಂಬರ್ 1ರಂದು 154 ಭಾರತೀಯ ಕಂಪನಿಗಳು, 16 ವಿದೇಶೀ ಕಂಪನಿಗಳು, 75 ಪ್ರಾವಿಡೆಂಟ್ ಸೊಸೈಟಿಗಳು, ಒಟ್ಟು 245 ಸಂಸ್ಥೆಗಳು ಸೇರಿ ಒಂದು ನಿಗಮವಾದವು.

ಕಾಯಿದೆಯ ಭಾಷೆಯಲ್ಲಿ ಇದು ಒಂದು ವಾಕ್ಯದ ಕೆಲಸ. ಕಚೇರಿಯೊಳಗೆ ಕುಳಿತವನಿಗೆ ಅದು ವರ್ಷಗಳ ಕೆಲಸ. ಪ್ರತಿಯೊಂದು ಕಂಪನಿಗೂ ತನ್ನದೇ ಆದ ಪಾಲಿಸಿಯ ಒಕ್ಕಣೆಯಿತ್ತು, ತನ್ನದೇ ಆದ ಕಂತಿನ ಪಟ್ಟಿಯಿತ್ತು, ಲೆಡ್ಜರುಗಳನ್ನು ಬರೆಯುವ ರೀತಿಯಿತ್ತು, ಗುಮಾಸ್ತರಿಗೆ ಕೊಡುವ ಸಂಬಳದ ಶ್ರೇಣಿಯಿತ್ತು. ನಿನ್ನೆಯವರೆಗೆ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಸೆಳೆದುಕೊಳ್ಳಲು ಹೆಣಗುತ್ತಿದ್ದ ಪ್ರತಿಸ್ಪರ್ಧಿಗಳು ಇಂದು ಒಂದೇ ಮೇಜಿನ ಎದುರುಬದುರು ಕುಳಿತು, ಯಾವನೋ ಸತ್ತ ಪಾಲಿಸಿದಾರನ ಹೆಂಡತಿಗೆ ಸಲ್ಲಬೇಕಾದ ಹಣವನ್ನು, ಮುಚ್ಚಿಹೋದ ಕಂಪನಿಯೊಂದರ ಕರಾರನ್ನು ಓದಿ ಅರ್ಥಮಾಡಿಕೊಂಡು, ತಡಮಾಡದೆ ಸಲ್ಲಿಸಬೇಕಾಗಿತ್ತು. ಆ ಜ್ಞಾನವು ಮೇಲಧಿಕಾರಿಯ ಬಳಿ ಇರಲಿಲ್ಲ. ಆ ಲೆಡ್ಜರನ್ನು ಇಪ್ಪತ್ತು ವರ್ಷ ಬರೆದವನ ಬಳಿ ಇತ್ತು. ಅವನು ತಾನಾಗಿ ಅದನ್ನು ಪಕ್ಕದವನಿಗೆ ಹೇಳಿಕೊಡದಿದ್ದರೆ ಯಾವ ಸುಗ್ರೀವಾಜ್ಞೆಯಿಂದಲೂ ಅದನ್ನು ಹೊರಡಿಸುವಂತಿರಲಿಲ್ಲ. ಸೃಜನಶೀಲತೆ ಎಂಬುದನ್ನು ನಾವು ಕವಿಗಳಿಗೂ ಶಿಲ್ಪಿಗಳಿಗೂ ಮೀಸಲಾಗಿಡುತ್ತೇವೆ. ಭಿನ್ನ ಪದ್ಧತಿಗಳ ನೂರಾರು ಲೆಕ್ಕಗಳನ್ನು ಯಾರ ಹಕ್ಕಿಗೂ ಚ್ಯುತಿಬಾರದಂತೆ ಒಂದು ಪದ್ಧತಿಗೆ ತಂದ ಗುಮಾಸ್ತರಲ್ಲಿಯೂ ಅದೇ ಶಕ್ತಿ ಕೆಲಸಮಾಡಿತೆಂದು ನನ್ನ ದೃಢವಾದ ನಂಬಿಕೆ.

ಕನ್ನಡಿಗರಿಗೆ ಆ ವರ್ಷ ಇನ್ನೊಂದು ಕೂಡುವಿಕೆಯೂ ಒದಗಿತು. ನಿಗಮ ಹುಟ್ಟಿದ ಎರಡೇ ತಿಂಗಳಿಗೆ, ನವೆಂಬರ್ 1ರಂದು, ಮುಂಬಯಿ, ಹೈದರಾಬಾದು, ಮದರಾಸು ಪ್ರಾಂತಗಳ ಕನ್ನಡ ಪ್ರದೇಶಗಳೂ ಕೊಡಗೂ ಹಳೆಯ ಮೈಸೂರಿನೊಡನೆ ಸೇರಿ ವಿಶಾಲ ಮೈಸೂರಾಯಿತು. ಬೇರೆಬೇರೆ ಕಾನೂನು, ಬೇರೆಬೇರೆ ಕಂದಾಯದ ಕ್ರಮ, ಬೇರೆಬೇರೆ ಸೇವಾ ನಿಯಮಗಳಲ್ಲಿ ಪಳಗಿದ ನೌಕರರು ಬೆಂಗಳೂರಿಗೆ ಬಂದು ಒಂದೇ ಸರ್ಕಾರದ ಕೈಕೆಳಗೆ ಜ್ಯೇಷ್ಠತೆಯ ಪಟ್ಟಿಗಾಗಿ ವರ್ಷಗಟ್ಟಲೆ ಕಾದರು. ಎರಡು ಕಡೆಗಳಲ್ಲಿಯೂ ತಕರಾರು ಇದ್ದೇ ಇತ್ತು. ತಕರಾರಿಲ್ಲದ ಒಗ್ಗಟ್ಟು ಬಹುಶಃ ಯಾರೂ ಮನಸ್ಸು ಕೊಡದ ಒಗ್ಗಟ್ಟು.

ವಿಮಾ ನೌಕರರ ಸಂಘವನ್ನು ಕುರಿತು ಇಲ್ಲಿ ಹೇಳಲೇಬೇಕು. 1951ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಅಖಿಲ ಭಾರತ ವಿಮಾ ನೌಕರರ ಸಂಘವು ರಾಷ್ಟ್ರೀಕರಣವನ್ನು ಸರ್ಕಾರಕ್ಕಿಂತ ಮುಂಚೆಯೇ ಬಯಸಿತ್ತು. ಆದುದರಿಂದ ನಿಗಮವನ್ನು ಅದು ತನ್ನದೆಂದೇ ತಿಳಿದಿತ್ತು, ತನ್ನದೆಂದು ತಿಳಿದುದರಿಂದಲೇ ಅದರೊಡನೆ ಜಗಳವನ್ನೂ ಆಡಿತು. 1964ರಲ್ಲಿ ನಿಗಮಕ್ಕೆ ಕಂಪ್ಯೂಟರು ಬಂದಿತು. ಕಲಕತ್ತೆಯಲ್ಲಿ ಅದನ್ನು ಇಡಬೇಕೆಂದಿದ್ದ ಇಲಾಕೋ ಹೌಸ್ ಎಂಬ ಕಟ್ಟಡದ ಮುಂದೆ ನೌಕರರು ಹಗಲಿರುಳು ಕಾವಲು ನಿಂತರು. ಆ ವಿರೋಧವನ್ನು ಅಜ್ಞಾನವೆಂದು ತಳ್ಳಿಹಾಕುವವರ ಪಕ್ಷಕ್ಕೆ ನಾನು ಸೇರಲಾರೆ. ಓದಿದ ಹುಡುಗರಿಗೆ ಕೆಲಸ ಸಿಕ್ಕದಿದ್ದ ಕಾಲದಲ್ಲಿ, ಉಳಿತಾಯವಾಗುವ ಕೈಗಳಿಗೆ ಎಲ್ಲಿ ಅನ್ನ ಎಂಬ ಪ್ರಶ್ನೆಯನ್ನು ಯಂತ್ರವನ್ನು ತಂದವರು ಮೊದಲು ಉತ್ತರಿಸಬೇಕಾಗಿತ್ತು.

ನಿಗಮದ ಬಾಳಿನಲ್ಲಿ ಅತಿ ದೊಡ್ಡ ಬದಲಾವಣೆ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ಆಗ ಅದನ್ನು ಐದು ನಿಗಮಗಳನ್ನಾಗಿ ಒಡೆಯಬೇಕೆಂಬ ಸಲಹೆ ಎರಾ ಸೆಳಿಯನ್ ಸಮಿತಿಯಿಂದ ಬಂದು, 1983ರಲ್ಲಿ ಮಸೂದೆಯ ರೂಪವನ್ನೂ ಪಡೆಯಿತು, ನೌಕರರು ಪ್ರತಿಭಟಿಸಿದರು, ಮಸೂದೆ ಕಾಯಿದೆಯಾಗಲಿಲ್ಲ. ಒಡೆಯುವ ಬದಲಿಗೆ ಅಧಿಕಾರವನ್ನು ಕೆಳಕ್ಕೆ ಇಳಿಸುವ ಹಾದಿಯನ್ನು ಹಿಡಿಯಲಾಯಿತು. ಅದುವರೆಗೆ ವಿಭಾಗೀಯ ಕಚೇರಿಯಲ್ಲಿ ನಡೆಯುತ್ತಿದ್ದ ಪಾಲಿಸಿಸೇವೆಯನ್ನು ಶಾಖೆಗಳಿಗೆ ವರ್ಗಾಯಿಸಿ, ಹೊಸ ಶಾಖೆಗಳನ್ನು ತೆರೆದು, ಲೆಕ್ಕದ ಹೊಣೆಯನ್ನೂ ಅವುಗಳಿಗೇ ವಹಿಸಿದರು. ಫಲವನ್ನು ಅಂಕಿಗಳೇ ಹೇಳುತ್ತವೆ. 1957ರಲ್ಲಿ ಸುಮಾರು 200 ಕೋಟಿ ರೂಪಾಯಿಗಳಷ್ಟಿದ್ದ ಹೊಸ ವಿಮೆಯ ಮೊತ್ತವು 1000 ಕೋಟಿಯನ್ನು ಮುಟ್ಟಲು 1969–70ರವರೆಗೆ ಕಾಯಬೇಕಾಯಿತು. 2000 ಕೋಟಿಗೆ ಮತ್ತೆ ಹತ್ತು ವರ್ಷ ಹಿಡಿಯಿತು. 1985–86ರ ವೇಳೆಗೆ ಅದು 7000 ಕೋಟಿಯನ್ನು ದಾಟಿತ್ತು. ರೂಪಾಯಿಯ ಬೆಲೆ ಇಳಿದುದನ್ನು ಲೆಕ್ಕಕ್ಕೆ ಹಿಡಿದರೂ ಇದು ಸಣ್ಣ ಜಿಗಿತವಲ್ಲ.

ಜೀವನ್ ಬಿಮಾ ನಗರದ ನೆರೆಯಲ್ಲಿಯೇ ಈ ಕಾರ್ಯದ ಇನ್ನೊಂದು ಮುಖವನ್ನು ಕಾಣಬಹುದಾಗಿತ್ತು. 1940ರಲ್ಲಿ ವಾಲ್‌ಚಂದ್ ಹೀರಾಚಂದರೂ ಮೈಸೂರು ಸರ್ಕಾರವೂ ಕೂಡಿ ಆರಂಭಿಸಿದ ವಿಮಾನ ಕಾರ್ಖಾನೆಯು ಈ ಭಾಗದ ಹಳ್ಳಿಗಳನ್ನು ಕಾರ್ಮಿಕರ ಬಡಾವಣೆಗಳನ್ನಾಗಿ ಮಾಡಿತು. ಹೊಲದಲ್ಲಿ ಅಣ್ಣತಮ್ಮಂದಿರ ಆಸರೆಯಿದ್ದವನು ಕಾರ್ಖಾನೆಗೆ ಬಂದು ಬಾಡಿಗೆಯ ಮನೆಯಲ್ಲಿ ಹೆಂಡತಿ ಮಕ್ಕಳೊಡನೆ ಒಂಟಿಯಾದಾಗ, ಅವನು ಇಲ್ಲವಾದರೆ ಮನೆಯವರ ಗತಿಯೇನೆಂಬ ಪ್ರಶ್ನೆ ಹೊಸ ರೀತಿಯಲ್ಲಿ ಎದುರು ನಿಲ್ಲುತ್ತದೆ. ಸಂಬಳದಲ್ಲಿಯೇ ಕಂತನ್ನು ಹಿಡಿದುಕೊಂಡು ನಿಗಮಕ್ಕೆ ಕಳುಹಿಸುವ ಸಂಬಳ ಉಳಿತಾಯ ಯೋಜನೆ ಇಂಥವರಿಗಾಗಿಯೇ ಹೇಳಿ ಮಾಡಿಸಿದಂತಿತ್ತು. ಕಂತು ಕಟ್ಟಲು ಮರೆತು ಪಾಲಿಸಿ ಲ್ಯಾಪ್ಸ್ ಆಗುವ ಭಯವನ್ನು ಅದು ಬಹುಮಟ್ಟಿಗೆ ನೀಗಿಸಿತು. ಆದರೆ ಅದು ನಡೆಯಬೇಕಾದರೆ ಕಾರ್ಖಾನೆಯ ಸಂಬಳದ ವಿಭಾಗ, ವಿಮಾ ಶಾಖೆ, ಏಜೆಂಟ್ ಈ ಮೂವರೂ ತಿಂಗಳು ತಿಂಗಳೂ ಒಬ್ಬರ ಪಟ್ಟಿಯನ್ನು ಇನ್ನೊಬ್ಬರ ಪಟ್ಟಿಯೊಡನೆ ತಾಳೆ ನೋಡಬೇಕಾಗಿತ್ತು.

ಎಂಬತ್ತರ ದಶಕದಲ್ಲಿಯೇ ಸಣ್ಣ ಕಂಪ್ಯೂಟರುಗಳು ಶಾಖೆಗಳನ್ನು ಪ್ರವೇಶಿಸಿದ್ದವು. 1995ರಲ್ಲಿ ಗಿರಾಕಿಯ ಎದುರಿಗೇ ಕಂಪ್ಯೂಟರಿನಿಂದ ರಸೀದಿ ಕೊಡುವ ಏರ್ಪಾಡು ಬಂದಾಗ ಇಲಾಕೋ ಹೌಸಿನ ಕಾಲದ ಕಾವಲು ಎಲ್ಲಿಯೂ ನಿಲ್ಲಲಿಲ್ಲ. ಮೂವತ್ತು ವರ್ಷಗಳಲ್ಲಿ ಯಂತ್ರವೂ ಬದಲಾಗಿತ್ತು, ಸಂದರ್ಭವೂ ಬದಲಾಗಿತ್ತು. ಮೊದಲ ಬಾರಿ ಅದು ಎಲ್ಲೋ ಒಂದು ಕಟ್ಟಡದಲ್ಲಿ ಕುಳಿತು ಶಾಖೆಯವರ ಕೈಯಿಂದ ಕೆಲಸವನ್ನು ಕಿತ್ತುಕೊಳ್ಳುವಂತೆ ತೋರಿತ್ತು. ಈ ಬಾರಿ, ಜವಾಬ್ದಾರಿಯು ಆಗಲೇ ಶಾಖೆಗೆ ಇಳಿದಿದ್ದುದರಿಂದ, ಅದು ಅವರ ಮೇಜಿನ ಮೇಲೆಯೇ ಅವರ ಕೈಗೆ ಸಿಕ್ಕಿತು.