ಕಾರವಾರ–ಅಂಕೋಲೆಯ ಜನರೂ ‘ಜನಾಂಗ’ವೆಂಬ ಕಲ್ಪನೆಯೂ

ಕಾರವಾರದಿಂದ ಅಂಕೋಲೆಯವರೆಗಿನ ಕರಾವಳಿಯಲ್ಲಿ ಹಾಲಕ್ಕಿ ಒಕ್ಕಲಿಗರು, ನಾಡವರು, ಕೋಮಾರಪಂತರು, ಅಂಬಿಗರು, ಸಾರಸ್ವತರು ಒಂದೇ ಮಳೆಗಾಳಿಯಲ್ಲಿ ತಲೆಮಾರುಗಳಿಂದ ಬಾಳಿಕೊಂಡು ಬಂದಿದ್ದಾರೆ. ಅಂಕೋಲೆಯ ಗದ್ದೆಬಯಲನ್ನು ಬಿಟ್ಟು ಯಲ್ಲಾಪುರದತ್ತ ಘಟ್ಟವೇರಿದರೆ ಸಿದ್ದಿಗಳ ಮನೆಗಳು ಕಾಣಸಿಗುತ್ತವೆ. ಇವರ ಮೈಬಣ್ಣ, ಕೂದಲು, ಮುಖಲಕ್ಷಣಗಳಲ್ಲಿನ ಭೇದವು ಯಾರ ಕಣ್ಣಿಗೂ ಬೀಳುವಂಥದು. ಆ ಭೇದದಿಂದ ಚರಿತ್ರಕಾರನು ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದನ್ನು ನಾವಿಲ್ಲಿ ವಿಚಾರಿಸಬೇಕಾಗಿದೆ.

1883ರಲ್ಲಿ ಪ್ರಕಟವಾದ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟವು ನಮ್ಮೆಲ್ಲರ ಆಕರಗ್ರಂಥ. ಅದರಲ್ಲಿ ಒಂದೊಂದು ಜಾತಿಯ ವರ್ಣನೆಯಲ್ಲಿಯೂ ಮೈಬಣ್ಣ, ಮೈಕಟ್ಟುಗಳ ಮಾತು ಬರುತ್ತದೆ. ಆಹಾರ, ಉಡುಪು, ಸಂಸ್ಕಾರಗಳ ವಿವರ ಅದರೊಡನೆಯೇ ಬರುತ್ತದೆ. ಹೀಗಾಗಿ ಆಚಾರವೂ ಅಂತಸ್ತೂ ದೇಹದಿಂದಲೇ ಹುಟ್ಟಿದವೋ ಎಂಬ ಭ್ರಮೆ ಓದುಗನಲ್ಲಿ ಸುಲಭವಾಗಿ ಮೂಡುತ್ತದೆ. 1901ರ ಜನಗಣತಿಯ ಆಯುಕ್ತನಾಗಿದ್ದ ಹರ್ಬರ್ಟ್ ರಿಸ್ಲೆ ಈ ಭ್ರಮೆಗೆ ಶಾಸ್ತ್ರದ ವೇಷವನ್ನು ತೊಡಿಸಿದನು. ಮೂಗಿನ ಅಗಲವನ್ನು ಅದರ ಎತ್ತರದ ಶೇಕಡಾವಾರಿಯಾಗಿ ಲೆಕ್ಕಹಾಕಿ, ಮೂಗು ಅಗಲವಾದಷ್ಟೂ ಸಾಮಾಜಿಕ ಅಂತಸ್ತು ಇಳಿಯುವುದೆಂದು ವಾದಿಸಿದನು. ಭಾರತೀಯರನ್ನು ಏಳು ಮಾದರಿಗಳಲ್ಲಿ ವಿಂಗಡಿಸಿದನು. ಆದರೆ ಥಾಮ್ಸನ್ ಮತ್ತು ಬಕ್ಸ್‌ಟನ್ ಎಂಬ ವಿದ್ವಾಂಸರು 1923ರಲ್ಲಿ, ಈ ಅಂಕವು ಪ್ರಪಂಚದಾದ್ಯಂತ ಹವೆಯ ಉಷ್ಣತೆ, ತೇವಾಂಶಗಳೊಡನೆ ಸಂಬಂಧ ಹೊಂದಿರುವುದನ್ನು ತೋರಿಸಿದರು. ಅಳತೆಗಳೆಲ್ಲ ಸುಳ್ಳೆಂದು ನಾವು ಹೇಳುತ್ತಿಲ್ಲ; ಅವುಗಳ ಮೇಲೆ ಕಟ್ಟಿದ ಶ್ರೇಣಿಯು ನಿಲ್ಲಲಾರದು. 1972ರಲ್ಲಿ ಲೆವಾಂಟಿನ್ ರಕ್ತಗುಂಪು ಮುಂತಾದ ಗುಣಗಳನ್ನು ಪರಿಶೀಲಿಸಿ, ಮಾನವರ ಆನುವಂಶಿಕ ವೈವಿಧ್ಯದಲ್ಲಿ ಸುಮಾರು ಶೇಕಡಾ 85 ಭಾಗವು ಒಂದೊಂದು ಸಮುದಾಯದ ಒಳಗೇ ಇದೆಯೆಂದು ಕಂಡುಕೊಂಡನು.

ಸಿದ್ದಿಗಳ ವಿಷಯವು ಇನ್ನೂ ಸೂಕ್ಷ್ಮವಾದುದು. ಅವರ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಜರ ಗುಲಾಮ ವ್ಯಾಪಾರದ ಮೂಲಕ ಆಫ್ರಿಕದಿಂದ ಗೋವೆಗೆ ಬಂದವರು. ಅಲ್ಲಿಂದ ಈ ಕಾಡುಗಳನ್ನು ಸೇರಿದವರು. 2011ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನವೊಂದು, ಬಾಂಟು ಭಾಷಿಕರ ವಂಶಾಂಶದೊಡನೆ ಭಾರತೀಯ ಅಂಶವೂ ಪ್ರಾಯಶಃ ಪೋರ್ಚುಗೀಜ್ ಅಂಶವೂ ಅವರಲ್ಲಿ ಬೆರೆತಿದೆಯೆಂದು ತಿಳಿಸಿತು. ನೆರೆಯವರೊಡನೆ ಈ ಮಿಶ್ರಣ ನಡೆದುದು ಸುಮಾರು 200 ವರ್ಷಗಳಿಂದೀಚೆಗೆ. ಅವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಇದ್ದಾರೆ. ಇಂಥವರನ್ನು ಯಾವ ಒಂದು ‘ಜನಾಂಗ’ದ ಪೆಟ್ಟಿಗೆಯಲ್ಲಿಡುವುದು?

ಆದರೂ ಹಳೆಯ ಕಲ್ಪನೆ ಸಾಯಲಿಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಓಟದ ತರಬೇತಿಗೆ ಆರಿಸಿಕೊಂಡುದು ಅವರ ಆಫ್ರಿಕ ಮೂಲವನ್ನು ನಂಬಿಯೇ. ಕೀನ್ಯದ ಹೆಸರಾಂತ ದೂರ ಓಟಗಾರರಲ್ಲಿ ಬಹುಮಂದಿ ಎತ್ತರದ ಪ್ರದೇಶದ ಕಲೆಂಜಿನ್ ಜನ. ಅವರು ಬಾಂಟು ಭಾಷಿಕರೇ ಅಲ್ಲ. ಈ ಭೇದವನ್ನು ಯಾರೂ ಎಣಿಸಿದಂತಿಲ್ಲ. ಮಕ್ಕಳಲ್ಲಿ ಕೆಲವರು ಪದಕಗಳನ್ನು ಗಳಿಸಿದರು. ಅದು ಅವರ ಶ್ರಮದ ಫಲವೆಂದೇ ನಮ್ಮ ಅಭಿಪ್ರಾಯ. 1993ರಲ್ಲಿ ಯೋಜನೆ ನಿಂತುಹೋಯಿತು. ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಲು 2003ರವರೆಗೆ ಕಾಯಬೇಕಾಯಿತು.

ಗುಂಗುರು ಕೂದಲು ಆಫ್ರಿಕದ ನಂಟನ್ನು ಸೂಚಿಸಿದರೂ, ಅವರನ್ನು ಮಾರಿದವರಾರು, ಕೊಂಡವರಾರು, ಘಟ್ಟದ ಯಾವ ದಾರಿಯಿಂದ ಅವರು ತಪ್ಪಿಸಿಕೊಂಡು ಬಂದರು ಎಂಬುದನ್ನು ಸೂಚಿಸದು. ಅದಕ್ಕಾಗಿ ಗೋವೆಯ ಪೋರ್ಚುಗೀಜ್ ದಫ್ತರಗಳನ್ನೂ ಇಗರ್ಜಿಗಳ ದೀಕ್ಷಾಸ್ನಾನದ ದಾಖಲೆಗಳನ್ನೂ ಸಿದ್ದಿ ಹಿರಿಯರ ಬಾಯಿಮಾತನ್ನೂ ಕೂಡಿಸಿ ನೋಡಬೇಕಾಗಿದೆ.